ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಬಂದ ಹಾಡು

ಪ್ರಶ್ನೆ: ನಾನು ಕಾರವಾರದವಳು. ಗೋವಾದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಹಿರಿಯರೊಬ್ಬರು ಹಳೇ ಪೋರ್ಚುಗೀಸ್ ಹಾಡೊಂದನ್ನು ಹಾಡಿದರು. ತುಂಬ ಚೆನ್ನಾಗಿತ್ತು. "ಪೋರ್ಚುಗಲ್ ಸರ್ಕಾರವನ್ನೇ ಬೀಳಿಸಿದ ಹಾಡು ಇದು. ಆದರೆ ಯೂರೋವಿಷನ್ ಸ್ಪರ್ಧೆಯಲ್ಲಿ ಕೊನೇ ಸ್ಥಾನ ಬಂತು" ಅಂದರು. ಇದು ನಿಜವಾ? ಹಾಡಿನೊಳಗೆ ಗುಟ್ಟಿನ ಮಾತೇನಾದರೂ ಇತ್ತಾ? ಅಷ್ಟು ಒಳ್ಳೆ ಹಾಡು ಕೊನೇ ಸ್ಥಾನಕ್ಕೆ ಹೋಗಿದ್ದು ಯಾಕೆ? ನಮ್ಮ ಕಡೆಗೂ ಈ ಕಥೆಗೂ ಏನಾದರೂ ನಂಟು ಇದೆಯಾ?

ಉತ್ತರ: ಆ ಹಿರಿಯರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. 1974ರಲ್ಲಿ ಹಾಡು ಕೊನೇ ಸ್ಥಾನಕ್ಕೆ ಹೋಗಿದ್ದು ನಿಜ. ಅದಾಗಿ ಸರಿಯಾಗಿ ಹದಿನೆಂಟು ದಿನಕ್ಕೆ ಅದೇ ಹಾಡು ಲಿಸ್ಬನ್ನಿನ ರೇಡಿಯೋದಲ್ಲಿ ಬಂತು. ಅದನ್ನು ಕೇಳಿಸಿಕೊಂಡ ಸೈನ್ಯಾಧಿಕಾರಿಗಳು ಸಿದ್ಧರಾದರು. ಮರುದಿನ ಕತ್ತಲಾಗುವ ಹೊತ್ತಿಗೆ ಸರ್ಕಾರ ಹೋಗಿತ್ತು. ಹಾಡೇ ಸರ್ಕಾರ ಬೀಳಿಸಿತು ಅನ್ನೋದು ಮಾತ್ರ ಸ್ವಲ್ಪ ಜಾಸ್ತಿ ಆಯಿತು. ಬೀಳಿಸಿದ್ದು ಸೈನ್ಯದ ಕ್ಯಾಪ್ಟನ್‌ಗಳು, ಅವರ ಜೊತೆ ಬೀದಿಗೆ ಬಂದ ಜನ. ಹಾಡು ಮಾಡಿದ್ದು ಒಂದೇ ಕೆಲಸ. ಆದರೆ ಆ ಕೆಲಸವನ್ನು ಬೇರೆ ಯಾವ ಹಾಡೂ ಅಷ್ಟು ಸಲೀಸಾಗಿ ಮಾಡುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಯಾಕೆ ಅಂತ ಹೇಳೋದಕ್ಕೇ ಈ ಉದ್ದನೆಯ ಉತ್ತರ.

ಮೊದಲು ಹಾಡಿನ ಪರಿಚಯ. ಹೆಸರು 'ಇ ದೆಪೊಯಿಸ್ ದು ಅದೇವುಸ್'. ವಿದಾಯ ಹೇಳಿಯಾದ ಮೇಲೆ ಅಂತ ಅರ್ಥ. ಸಾಹಿತ್ಯ ಜೋಸೆ ನಿಜಾ ಅವರದು, ಸಂಗೀತ ಜೋಸೆ ಕಾಲ್ವಾರಿಯೊ ಅವರದು. ಹಾಡಿದವರು ಪಾವ್ಲೊ ದೆ ಕರ್ವಾಲೊ. ಕರ್ವಾಲೊ ಅನ್ನೋ ಮನೆತನದ ಹೆಸರು ಮಂಗಳೂರು, ಕಾರವಾರ ಕಡೆಯವರಿಗೆ ಹೊಸದೇನಲ್ಲ, ಅಲ್ವಾ? ಪಾವ್ಲೊ ಆಗ 26 ವರ್ಷದ ಹುಡುಗ. ಅದಕ್ಕೂ ಮುಂಚೆ 'ಶೇಕ್ಸ್' ಅನ್ನೋ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು.

ಹಾಡು ಪ್ರೀತಿ ಮುರಿದು ಬಿದ್ದ ಮೇಲಿನದು. ಹೋದವಳು ಹೋಗಿಯಾಗಿದೆ. ಉಳಿದವನು ತನ್ನನ್ನೇ ಕೇಳಿಕೊಳ್ಳುತ್ತಿದ್ದಾನೆ, ನಾನು ಯಾರು, ಇಲ್ಲಿ ಏನು ಮಾಡುತ್ತಿದ್ದೇನೆ, ನನ್ನನ್ನು ಬಿಟ್ಟು ಹೋದವರು ಯಾರು ಅಂತ. ಶುರುವಿನಲ್ಲಿ ದನಿ ತಗ್ಗಿನಲ್ಲಿರುತ್ತದೆ, ಒಬ್ಬನೇ ಕೂತು ಮಾತಾಡಿಕೊಂಡ ಹಾಗೆ. ಪಲ್ಲವಿ ಹತ್ತಿರ ಬಂದಂತೆ ವಾದ್ಯಗಳೆಲ್ಲ ಒಟ್ಟಿಗೆ ಏಳುತ್ತವೆ, ಗಾಯಕನ ದನಿ ಅವುಗಳ ಮೇಲೆ ಹತ್ತುತ್ತದೆ. ನೀವು ಮದುವೆ ಮನೆಯಲ್ಲಿ ಕೇಳಿದಾಗ ಹಿಂದೆ ವಾದ್ಯಗೋಷ್ಠಿ ಇದ್ದಿರಲಾರದು. ಒಂದು ಸಲ ಪೂರ್ತಿ ವಾದ್ಯಗೋಷ್ಠಿಯ ಜೊತೆ ಕೇಳಿ. ಬೇರೆಯದೇ ಹಾಡು ಅನಿಸುತ್ತದೆ.

ಈಗ ಯೂರೋವಿಷನ್ ಬಗ್ಗೆ ಎರಡು ಮಾತು. 1956ರಲ್ಲಿ ಶುರುವಾದ ಸ್ಪರ್ಧೆ ಇದು. ಒಂದೊಂದು ದೇಶದ ಟೆಲಿವಿಷನ್ ಸಂಸ್ಥೆ ಒಂದೊಂದು ಹಾಡು ಕಳಿಸುತ್ತದೆ. ಎಲ್ಲ ದೇಶಗಳಲ್ಲೂ ಒಂದೇ ರಾತ್ರಿ ಜನ ಟಿವಿ ಮುಂದೆ ಕೂತು ನೋಡುತ್ತಾರೆ. ಕೊನೆಗೆ ಅಂಕ ಎಣಿಸಿ ಗೆದ್ದವರನ್ನು ಹೇಳುತ್ತಾರೆ. ಪೋರ್ಚುಗಲ್ ಇದಕ್ಕೆ ಸೇರಿದ್ದು 1964ರಲ್ಲಿ. ಸೇರಿದ ಮೊದಲ ವರ್ಷವೇ ಸೊನ್ನೆ. ಆ ವರ್ಷ ಸ್ಪರ್ಧೆ ಕೋಪನ್‌ಹೇಗನ್‌ನಲ್ಲಿ ಇತ್ತು. ಕಾರ್ಯಕ್ರಮದ ನಡುವೆ ಒಬ್ಬ ಮನುಷ್ಯ ವೇದಿಕೆ ಹತ್ತಿ ಬಟ್ಟೆಯ ಬ್ಯಾನರ್ ಹಿಡಿದು ನಿಂತುಬಿಟ್ಟ. ಫ್ರಾಂಕೊ, ಸಲಜಾರ್ ಇಬ್ಬರನ್ನೂ ಬಹಿಷ್ಕರಿಸಿ ಅಂತ ಅದರಲ್ಲಿ ಬರೆದಿತ್ತು. ಫ್ರಾಂಕೊ ಸ್ಪೇನಿನ ಸರ್ವಾಧಿಕಾರಿ, ಸಲಜಾರ್ ಪೋರ್ಚುಗಲ್‌ನವನು.

ಸಲಜಾರ್ ಹೆಸರು ನಿಮ್ಮ ಕಡೆ ಯಾರೂ ಮರೆತಿರಲಾರರು. 1932ರಲ್ಲಿ ಪ್ರಧಾನಿಯಾದವನು 1968ರವರೆಗೂ ಕುರ್ಚಿ ಬಿಡಲಿಲ್ಲ. ಕಾಯಿಲೆ ಬಿದ್ದ ಮೇಲೆ ಮಾರ್ಸೆಲೊ ಕಯೆತಾನೊ ಅನ್ನುವವನು ಬಂದ. ಆಳುವ ಮುಖ ಬದಲಾಯಿತೇ ಹೊರತು ಆಳುವ ರೀತಿ ಹಾಗೇ ಉಳಿಯಿತು. ಗುಪ್ತ ಪೊಲೀಸರಿದ್ದರು. ಪತ್ರಿಕೆ, ಪುಸ್ತಕ, ನಾಟಕ, ಹಾಡು ಎಲ್ಲಕ್ಕೂ ಸೆನ್ಸಾರ್ ಇತ್ತು. ಅಲ್ಲಿನ ಜನ ಈಗಲೂ 'ನೀಲಿ ಪೆನ್ಸಿಲ್' ಅಂತಾರೆ. ಸೆನ್ಸಾರ್ ಅಧಿಕಾರಿ ಬೇಡದ ಸಾಲಿನ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದ. ಗೀಟು ಬಿದ್ದರೆ ಆ ಸಾಲು ಸತ್ತ ಹಾಗೆ.

ಇಂಥ ದೇಶದಲ್ಲಿ ಯೂರೋವಿಷನ್‌ಗೆ ಹಾಡು ಆರಿಸುವ ಸ್ಪರ್ಧೆಯನ್ನು ನಡೆಸುತ್ತಿದ್ದುದು ಸರ್ಕಾರದ ಹಿಡಿತದಲ್ಲಿದ್ದ ಟೆಲಿವಿಷನ್. ಹಾಗಂತ ಅದರಲ್ಲಿ ಬಂದ ಹಾಡುಗಳೆಲ್ಲ ಬಾಯಿಮುಚ್ಚಿಕೊಂಡಿದ್ದವು ಅಂದುಕೊಳ್ಳಬೇಡಿ. 1969ರಲ್ಲಿ ಸಿಮೋನ್ ದೆ ಒಲಿವೇರಾ ಹಾಡಿದ ಹಾಡಿನಲ್ಲಿ, ಮಗುವನ್ನು ಮಾಡಿಕೊಳ್ಳುವವಳು ಖುಷಿಯಿಂದಲೇ ಮಾಡಿಕೊಳ್ಳುತ್ತಾಳೆ ಅನ್ನೋ ಅರ್ಥದ ಸಾಲಿತ್ತು. ಮಡಿವಂತರು ಕೂಗಾಡಿದರು. 1973ರಲ್ಲಿ ಫೆರ್ನಾಂದೊ ತೋರ್ದೊ ಹಾಡಿದ್ದು ಗೂಳಿ ಕಾಳಗದ ಮೇಲಿನ ಹಾಡು. ಮೇಲ್ನೋಟಕ್ಕೆ ಅಖಾಡ, ಗೂಳಿ, ಜನರ ಗದ್ದಲ. ಕಿವಿಗೊಟ್ಟು ಕೇಳಿದರೆ ಆಳುವವರನ್ನು ಸಾಲು ಸಾಲಾಗಿ ಲೇವಡಿ ಮಾಡುತ್ತಿತ್ತು. ಎರಡನ್ನೂ ಬರೆದವರು ಆರಿ ದುಸ್ ಸಾಂತೊಸ್ ಅನ್ನೋ ಕವಿ. ಗೂಳಿಯ ಹಾಡು ನೀಲಿ ಪೆನ್ಸಿಲ್ಲಿನ ಕಣ್ಣು ತಪ್ಪಿಸಿ ಯೂರೋಪಿನ ವೇದಿಕೆಗೇ ಹೋಯಿತು. ನಿಜವಾದ ಗುಟ್ಟಿನ ಮಾತು ಇದ್ದದ್ದು ಅದರಲ್ಲಿ. ನೀವು ಕೇಳಿದ 1974ರ ಹಾಡಿನಲ್ಲಿ ಅಂಥದ್ದೇನೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1974ರ ಮಾರ್ಚ್ 7ರಂದು ಲಿಸ್ಬನ್ನಿನಲ್ಲಿ ಪಾವ್ಲೊ ಗೆದ್ದರು. ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಹಾಡಿದರು. ಆ ರಾತ್ರಿ ಗೆದ್ದವರು ಯಾರು ಅಂತ ನಿಮಗೆ ಗೊತ್ತೇ ಇರುತ್ತದೆ. ಸ್ವೀಡನ್ನಿನ 'ಆಬ್ಬಾ' ತಂಡ. ಮಿರಿಮಿರಿ ಮಿಂಚುವ ಬಟ್ಟೆ, ಎತ್ತರದ ಬೂಟು, ಕುಣಿಸುವ ಲಯ. ಅದರ ಎದುರು ಸುಮ್ನೆ ನಿಂತು ನೋವು ಹಾಡಿಕೊಂಡ ಹುಡುಗ ಯಾರ ಕಣ್ಣಿಗೂ ಬೀಳಲಿಲ್ಲ.

'ಕೊನೇ ಸ್ಥಾನ' ಅನ್ನೋ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಅವತ್ತಿನ ಲೆಕ್ಕ ಈಗಿನ ಹಾಗೆ ಇರಲಿಲ್ಲ. ಈಗ ಪ್ರತಿ ದೇಶವೂ ಹತ್ತು ಹಾಡುಗಳಿಗೆ ಅಂಕ ಹಂಚುತ್ತದೆ. ಹಾಗಾಗಿ ನಿಮ್ಮ ಹಾಡು ಒಬ್ಬರಿಗೆ ಎರಡನೆಯದೋ ಐದನೆಯದೋ ಅನಿಸಿದರೂ ಏನಾದರೂ ಸಿಗುತ್ತದೆ. 1974ರಲ್ಲಿ ಪ್ರತಿ ದೇಶದಲ್ಲಿ ಹತ್ತು ಜನ ತೀರ್ಪುಗಾರರಿದ್ದರು. ಒಬ್ಬೊಬ್ಬರಿಗೂ ಒಂದೇ ಮತ. ತುಂಬ ಇಷ್ಟವಾದ ಒಂದೇ ಹಾಡಿಗೆ ಕೊಡಬೇಕು. ಎರಡನೇ ಇಷ್ಟಕ್ಕೆ ಜಾಗವೇ ಇಲ್ಲ. ಹದಿನೇಳು ದೇಶ, ಒಟ್ಟು 170 ಮತ. ಸ್ವಂತ ದೇಶಕ್ಕೆ ಹಾಕುವ ಹಾಗಿಲ್ಲ. ಅಂದರೆ ಪಾವ್ಲೊಗೆ ಮತ ಹಾಕಬಹುದಾದವರು 160 ಜನ. ಅವರಲ್ಲಿ ಮೂರೇ ಮೂರು ಜನ ಅವರ ಹಾಡನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ಆಬ್ಬಾಗೆ ಬಂದದ್ದೂ 24 ಮತ ಅಷ್ಟೇ. ಪಶ್ಚಿಮ ಜರ್ಮನಿ, ನಾರ್ವೆ, ಸ್ವಿಟ್ಜರ್ಲೆಂಡ್‌ಗೂ ತಲಾ ಮೂರು ಬಂದವು. ನಾಲ್ಕು ದೇಶಗಳು ಒಟ್ಟಿಗೆ ಹದಿನಾಲ್ಕನೇ ಸ್ಥಾನದಲ್ಲಿ, ಅಂದರೆ ಪಟ್ಟಿಯ ತಳದಲ್ಲಿ ಕೂತವು.

ಆ ನೂರೈವತ್ತೇಳು ಜನರಲ್ಲಿ ಎಷ್ಟೋ ಮಂದಿಗೆ ಹಾಡು ಹಿಡಿಸಿದ್ದಿರಬಹುದು. ಹೇಳೋದಕ್ಕೆ ಅವರಿಗೆ ದಾರಿ ಇರಲಿಲ್ಲ. ಭಾಷೆಯ ತೊಡಕೂ ಇತ್ತು. ಹಿಂದಿನ ವರ್ಷದಿಂದ ಯಾವ ಭಾಷೆಯಲ್ಲಾದರೂ ಹಾಡಬಹುದು ಅಂತ ಆಗಿತ್ತು. ಸ್ವೀಡನ್ನಿನವರು ಇಂಗ್ಲಿಷಿನಲ್ಲಿ ಹಾಡಿದರು. ಪೋರ್ಚುಗಲ್ ತನ್ನ ಭಾಷೆ ಬಿಡಲಿಲ್ಲ. ಸೋತರೂ ಆ ವಿಷಯದಲ್ಲಿ ನನಗೆ ಪೋರ್ಚುಗಲ್ ಮೇಲೆ ತುಂಬ ಗೌರವ ಇದೆ. ಆ ಸಾಲುಗಳನ್ನು ಬೇರೆ ಭಾಷೆಗೆ ತಂದಿದ್ದರೆ ಮೂರು ಮತವೂ ಬರುತ್ತಿರಲಿಲ್ಲವೇನೋ.

ಇನ್ನು ಕ್ಯಾಪ್ಟನ್‌ಗಳ ಕಥೆ. ನಿಮ್ಮ ಊರಿನ ನಂಟು ಶುರುವಾಗೋದು ಇಲ್ಲೇ.

ಪೋರ್ಚುಗಲ್ 1961ರಿಂದ ಆಫ್ರಿಕಾದಲ್ಲಿ ಯುದ್ಧ ಮಾಡುತ್ತಿತ್ತು. ಮೊದಲು ಅಂಗೋಲಾ, ಆಮೇಲೆ ಗಿನಿ, ಆಮೇಲೆ ಮೊಜಾಂಬಿಕ್. ವಸಾಹತುಗಳನ್ನು ಬಿಡೋದಿಲ್ಲ ಅಂತ ಸರ್ಕಾರದ ಹಠ. ಸಣ್ಣ ದೇಶದ ಹುಡುಗರು ವರ್ಷಗಟ್ಟಲೆ ಹೋಗಿ ಬಂದು ಮತ್ತೆ ಹೋಗುತ್ತಿದ್ದರು. ಗಿನಿಯಲ್ಲಂತೂ ಸೋಲು ಕಣ್ಣೆದುರಿಗೇ ಕಾಣುತ್ತಿತ್ತು. ಆಗ ಅಧಿಕಾರಿಗಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಹೆಸರು ಗೋವಾ.

1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾಕ್ಕೆ ಬಂದಾಗ, ಗೆಲ್ಲಿ ಇಲ್ಲವೇ ಸಾಯಿರಿ ಅಂತ ಸಲಜಾರ್ ತನ್ನ ಸೈನಿಕರಿಗೆ ಹೇಳಿ ಕಳಿಸಿದ್ದ. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಆ ಮಾತು ಕೇಳಲಿಲ್ಲ. ತನ್ನ ಹತ್ತಿರ ಇದ್ದ ಬಲ ಎಷ್ಟು ಅಂತ ಅವರಿಗೆ ಗೊತ್ತಿತ್ತು. ಡಿಸೆಂಬರ್ 19ರಂದು ಶರಣಾದರು. ಮೂರು ಸಾವಿರಕ್ಕೂ ಹೆಚ್ಚು ಸೈನಿಕರು ಸೆರೆಯಾದರು, ಬದುಕಿದರು. ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಂತೂ ಕಾದಾಟ ಜೋರಾಗಿತ್ತು. ನಮ್ಮ ನೌಕಾಪಡೆಯ ಏಳು ಜನ ಅಲ್ಲಿ ಪ್ರಾಣ ಬಿಟ್ಟರು. ಅವತ್ತು ಅಲ್ಲಿಗೆ ಹೋಗಿದ್ದ ಹಡಗುಗಳಲ್ಲಿ ಒಂದರ ಹೆಸರು 'ಮೈಸೂರು'. ದಡದ ಮೇಲೆ ನಿಂತರೆ ಆ ದ್ವೀಪ ಕಾಣುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ.

ಸೆರೆಯಲ್ಲಿದ್ದ ಸೈನಿಕರು 1962ರಲ್ಲಿ ಪೋರ್ಚುಗಲ್‌ಗೆ ವಾಪಸ್ ಹೋದರು. ಅವರನ್ನು ಯಾರೂ ಹಾರ ಹಾಕಿ ಕರೆಯಲಿಲ್ಲ. ವಸ್ಸಾಲೊ ಇ ಸಿಲ್ವಾ ಅವರನ್ನು ಸೈನ್ಯದಿಂದಲೇ ಹೊರಹಾಕಿದರು. ತಪ್ಪು ಮಾಡಿದ್ದು ಲಿಸ್ಬನ್ನಿನಲ್ಲಿ ಕೂತ ರಾಜಕಾರಣಿ, ತಲೆ ಕೊಟ್ಟಿದ್ದು ಸೈನಿಕ. ಇದು ಸೈನ್ಯದವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಹನ್ನೆರಡು ವರ್ಷ ಆದ ಮೇಲೆ ಗಿನಿಯಲ್ಲಿದ್ದ ಅಧಿಕಾರಿಗಳು, ನಾಳೆ ನಮಗೂ ಗೋವಾದವರ ಗತಿಯೇ, ಸೋಲು ಅವರದು, ಅವಮಾನ ನಮ್ಮದು ಅಂತ ಮಾತಾಡಿಕೊಳ್ಳುತ್ತಿದ್ದರು. ಅದರ ಮೇಲೆ 1973ರ ಜುಲೈನಲ್ಲಿ ಸರ್ಕಾರ ಬಡ್ತಿಯ ನಿಯಮ ಬದಲಾಯಿಸಿತು. ಸೈನಿಕ ಅಕಾಡೆಮಿಯಲ್ಲಿ ಕಲಿತು ಬಂದವರನ್ನು, ಚಿಕ್ಕದೊಂದು ತರಬೇತಿ ಮುಗಿಸಿದವರು ದಾಟಿ ಮುಂದೆ ಹೋಗುವ ಹಾಗಾಯಿತು. ಬೂದಿಯೊಳಗಿದ್ದ ಕೆಂಡಕ್ಕೆ ಗಾಳಿ ಹಾಕಿದ ಹಾಗಾಯಿತು. ಆ ಸೆಪ್ಟೆಂಬರ್‌ನಲ್ಲಿ ಕ್ಯಾಪ್ಟನ್‌ಗಳು ಗುಟ್ಟಾಗಿ ಸಭೆ ಸೇರತೊಡಗಿದರು. ಶುರುವಾಗಿದ್ದು ಬಡ್ತಿಯ ಜಗಳದಿಂದ. ಕೆಲವೇ ತಿಂಗಳಲ್ಲಿ ಮಾತು ಸರ್ಕಾರವನ್ನೇ ಇಳಿಸುವ ಮಟ್ಟಕ್ಕೆ ಬಂತು.

ಮೊದಲ ಪ್ರಯತ್ನ 1974ರ ಮಾರ್ಚ್ 16ರಂದು ಕಾಲ್ದಾಸ್ ದ ರೈನ್ಹಾ ಅನ್ನೋ ಊರಿನಿಂದ ಆಯಿತು. ಒಂದು ಪಡೆ ಲಿಸ್ಬನ್ ಕಡೆ ಹೊರಟೇಬಿಟ್ಟಿತು. ಬೇರೆಯವರು ಹೊರಡಲಿಲ್ಲ. ಒಂಟಿಯಾದವರು ವಾಪಸ್ ತಿರುಗಿ ಸಿಕ್ಕಿಬಿದ್ದರು. ಇದರಿಂದ ಒತೇಲೊ ಸರಾಯ್ವಾ ದೆ ಕರ್ವಾಲೊ ಅನ್ನೋ ಅಧಿಕಾರಿ ಒಂದು ಪಾಠ ಕಲಿತರು. ಮುಂದಿನ ಯೋಜನೆ ಬರೆದವರು ಇವರೇ. ಎಲ್ಲರೂ ಒಂದೇ ಹೊತ್ತಿಗೆ ಏಳಬೇಕು. ಹೇಗೆ? ಫೋನ್ ಮಾಡೋ ಹಾಗಿಲ್ಲ, ಗುಪ್ತ ಪೊಲೀಸರು ಕೇಳಿಸಿಕೊಳ್ಳುತ್ತಾರೆ. ಆಳು ಕಳಿಸಿದರೆ ಎಲ್ಲ ಕಡೆ ಒಟ್ಟಿಗೆ ತಲುಪೋದಿಲ್ಲ. ರೇಡಿಯೋ ಆದರೆ? ಬ್ಯಾರಕ್ಕಿನಲ್ಲಿ ರಾತ್ರಿ ರೇಡಿಯೋ ಕೇಳುತ್ತಾ ಮಲಗಿದವನನ್ನು ಯಾರೂ ಅನುಮಾನಿಸೋದಿಲ್ಲ.

ಆದರೆ ಯಾವ ಹಾಡು? ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ.

ಕ್ಯಾಪ್ಟನ್‌ಗಳಿಗೆ ಮೊದಲು ಬೇಕಾಗಿದ್ದದ್ದು ಜೋಸೆ ಅಫೋನ್ಸೊ ಅವರ ಹಾಡು. ಜನ ಪ್ರೀತಿಯಿಂದ 'ಜೆಕಾ' ಅಂತ ಕರೆಯುತ್ತಿದ್ದ ಗಾಯಕ. ಸರ್ಕಾರದ ವಿರುದ್ಧ ಹಾಡಿ ಸೆನ್ಸಾರಿನ ಕೆಂಗಣ್ಣಿಗೆ ಬಿದ್ದವರು. ಅವರ ಹಾಡನ್ನು ಕೇಳಿದರೆ ಸೈನಿಕರ ರಕ್ತ ಬಿಸಿಯಾಗುತ್ತದೆ, ಸರಿ. ಜೊತೆಗೆ ಪೊಲೀಸರ ಕಿವಿಯೂ ನೆಟ್ಟಗಾಗುತ್ತದೆ. ಹಾಡು ಹಾಕಬೇಕಾಗಿದ್ದ ಉದ್ಘೋಷಕ ಜುವಾಂವ್ ಪಾವ್ಲೊ ದಿನಿಜ್. ಲಿಸ್ಬನ್ನಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ರಾತ್ರಿ ಕಾರ್ಯಕ್ರಮ ಮಾಡುತ್ತಿದ್ದವರು. ಜೆಕಾ ಹಾಡು ಬೇಡ, ಯಾರಿಗೂ ಅನುಮಾನ ಬಾರದ್ದು ಹಾಕೋಣ ಅಂತ ಮಾತಾಯಿತು. ಆಗ ಬಂದದ್ದು ಯೂರೋವಿಷನ್‌ಗೆ ಹೋಗಿ ಬಂದಿದ್ದ ಈ ಪ್ರೇಮಗೀತೆ.

ಎಷ್ಟು ಜಾಣತನದ ಆಯ್ಕೆ ಅಂತ ನೋಡಿ. ಹಾಡು ಸೆನ್ಸಾರ್ ದಾಟಿ ಬಂದಿದೆ. ಸರ್ಕಾರದ ಟಿವಿಯೇ ಅದನ್ನು ದೇಶದ ಹೆಸರಿನಲ್ಲಿ ಹೊರಗೆ ಕಳಿಸಿದೆ. ಸ್ಪರ್ಧೆ ಮುಗಿದು ಮೂರು ವಾರವೂ ಆಗಿಲ್ಲ, ಯಾವ ಸ್ಟೇಷನ್ ಹಾಕಿದರೂ ಸಹಜ. ಯೋಜನೆ ಕೊನೇ ಗಳಿಗೆಯಲ್ಲಿ ರದ್ದಾದರೂ ಹಾಡು ಹಾಕಿದವನಿಗೆ ತೊಂದರೆ ಇಲ್ಲ. ಪ್ರೇಮಗೀತೆ ಹಾಕಿದ್ದಕ್ಕೆ ಯಾರನ್ನು ಜೈಲಿಗೆ ಹಾಕುತ್ತಾರೆ?

ಏಪ್ರಿಲ್ 24, ಬುಧವಾರ. ರಾತ್ರಿ 10 ಗಂಟೆ 55 ನಿಮಿಷ. ಲಿಸ್ಬನ್ ಹೊರವಲಯದ ಪೊಂತಿನ್ಹಾದ ಒಂದು ಬ್ಯಾರಕ್ಕಿನಲ್ಲಿ ಒತೇಲೊ ಮತ್ತು ಜೊತೆಗಾರರು ಕಾಯುತ್ತಿದ್ದಾರೆ. ದಿನಿಜ್ ಮೈಕಿನಲ್ಲಿ ಹೇಳಿದ್ದು ಇಷ್ಟೇ: ಹನ್ನೊಂದು ಗಂಟೆಗೆ ಇನ್ನು ಐದು ನಿಮಿಷ ಇದೆ, ಈಗ ನಿಮ್ಮ ಜೊತೆ ಪಾವ್ಲೊ ದೆ ಕರ್ವಾಲೊ, 74ರ ಯೂರೋ ಸ್ಪರ್ಧೆಯ ಹಾಡು. ಆಕಾಶವಾಣಿ ಕೇಳಿ ಬೆಳೆದವರಿಗೆ ಇಂಥ ಮಾತು ಎಷ್ಟು ಮಾಮೂಲಿ ಅಂತ ಗೊತ್ತು. ಗಂಟೆ ಹೇಳಿದರು, ಗಾಯಕರ ಹೆಸರು ಹೇಳಿದರು, ಹಾಡು ಹಾಕಿದರು. ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ತಲೆಯನ್ನೂ ಎತ್ತಿರಲಿಕ್ಕಿಲ್ಲ. ಗೊತ್ತಿದ್ದವರಿಗೆ ಮಾತ್ರ ಅದರ ಅರ್ಥ ಬೇರೆ. ಎಲ್ಲ ಅಂದುಕೊಂಡ ಹಾಗೇ ಇದೆ, ತಯಾರಾಗಿ.

ಆ ಸ್ಟೇಷನ್ನಿನ ದನಿ ಲಿಸ್ಬನ್ ಸುತ್ತಮುತ್ತ ಮಾತ್ರ ಕೇಳುತ್ತಿತ್ತು. ದೂರದ ಪಡೆಗಳಿಗೆ ಎರಡನೇ ಸೂಚನೆ ಬೇಕಿತ್ತು. ಅದು ಬಂದದ್ದು ನಡುರಾತ್ರಿ ದಾಟಿ ಇಪ್ಪತ್ತು ನಿಮಿಷಕ್ಕೆ, ಕ್ಯಾಥೊಲಿಕ್ ಚರ್ಚಿನ 'ರೇಡಿಯೋ ರೆನಸೆನ್ಸಾ'ದಿಂದ. ದೇಶಕ್ಕೆಲ್ಲ ಕೇಳುವ ಸ್ಟೇಷನ್ ಅದು. ಈ ಸಲ ಜೆಕಾ ಅವರದೇ ಹಾಡು, 'ಗ್ರಾಂಡೊಲಾ ವಿಲಾ ಮೊರೇನಾ'. ಶುರುವಿನಲ್ಲಿ ವಾದ್ಯವೇ ಇಲ್ಲ. ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಎಳೆದುಕೊಂಡು ನಡೆಯುವ ಸದ್ದು, ಸರಕ್, ಸರಕ್, ಅದೇ ತಾಳ. ದಕ್ಷಿಣದ ಅಲೆಂತೆಜೊ ಸೀಮೆಯ ಕೂಲಿಕಾರರು ಗುಂಪಾಗಿ ಹಾಡುವ ಧಾಟಿ. ಒಂದು ತಿಂಗಳ ಹಿಂದೆ, ಮಾರ್ಚ್ 29ರಂದು, ಲಿಸ್ಬನ್ನಿನ ಒಂದು ಸಂಗೀತ ಸಭೆಯಲ್ಲಿ ಸೇರಿದ್ದವರೆಲ್ಲ ಎದ್ದು ನಿಂತು ಈ ಹಾಡನ್ನು ಹಾಡಿದ್ದರು. ಕ್ಯಾಪ್ಟನ್‌ಗಳಲ್ಲಿ ಕೆಲವರು ಆ ಸಭೆಯಲ್ಲಿದ್ದರು. ಮೊದಲ ಹಾಡು ತಯಾರಾಗಿ ಅಂದಿತ್ತು. ಎರಡನೆಯದು ಹೊರಡಿ, ಇನ್ನು ಹಿಂದೆ ನೋಡೋ ಹಾಗಿಲ್ಲ ಅಂದಿತು.

ಎಷ್ಟೋ ಕಡೆ ಈ ಎರಡು ಹಾಡುಗಳನ್ನು ಕಲಸಿಬಿಡುತ್ತಾರೆ. ಜೆಕಾ ಹಾಡೇ ಯೂರೋವಿಷನ್‌ಗೆ ಹೋಗಿತ್ತು ಅಂತ ಹೇಳುವವರಿದ್ದಾರೆ. ಅದು ತಪ್ಪು. ಪಾವ್ಲೊ ಹಾಡಿಗೆ ನಿಷೇಧ ಇತ್ತು ಅನ್ನೋದೂ ತಪ್ಪು. ನಿಷೇಧ ಇಲ್ಲದ್ದಕ್ಕೇ ಅದು ಕೆಲಸಕ್ಕೆ ಬಂತು. ನಿಮಗೆ ಹಾಡಿ ಕೇಳಿಸಿದ ಹಿರಿಯರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಬೇರೆ ಕಡೆ ಬೇಕಾದಷ್ಟು ಓದಲು ಸಿಗುತ್ತದೆ. ಸಾಂತರೆಂ ಊರಿನಿಂದ ಕ್ಯಾಪ್ಟನ್ ಸಾಲ್ಗೇರೊ ಮಾಯಾ ಸುಮಾರು 240 ಜನರನ್ನು ಕರೆದುಕೊಂಡು ನಸುಕಿನಲ್ಲೇ ಲಿಸ್ಬನ್‌ಗೆ ಹೊರಟರು. ಬೆಳಗಿನ ಜಾವ ರೇಡಿಯೋದಲ್ಲಿ, ದಯವಿಟ್ಟು ಮನೆಯಲ್ಲೇ ಇರಿ ಅಂತ ಸೈನ್ಯದವರ ಪ್ರಕಟಣೆ ಬಂತು. ಜನ ಕೇಳಲಿಲ್ಲ, ಬೀದಿ ತುಂಬಿಬಿಟ್ಟರು. ಸೆಲೆಸ್ತೆ ಕಯೇರೊ ಅನ್ನೋ ಹೆಂಗಸು ಕೆಲಸ ಮಾಡುತ್ತಿದ್ದ ಹೋಟೆಲಿಗೆ ಅವತ್ತು ಒಂದು ವರ್ಷ ತುಂಬಿತ್ತು. ಗಿರಾಕಿಗಳಿಗೆ ಕೊಡಲು ಹೂವು ತರಿಸಿದ್ದರು. ಗಲಾಟೆ ಅಂತ ಬಾಗಿಲು ಹಾಕಿ, ಹೂವು ನೀವೇ ತಗೊಂಡು ಹೋಗಿ ಅಂತ ಕೆಲಸದವರಿಗೆ ಹೇಳಿದರು. ದಾರಿಯಲ್ಲಿ ಸೈನಿಕನೊಬ್ಬ ಸಿಗರೇಟು ಕೇಳಿದ. ಆಕೆ ಹತ್ತಿರ ಸಿಗರೇಟು ಇರಲಿಲ್ಲ, ಕಾರ್ನೇಶನ್ ಹೂವಿತ್ತು. ಅದನ್ನೇ ಕೊಟ್ಟರು. ಅವನು ಬಂದೂಕಿನ ನಳಿಕೆಗೆ ಸಿಕ್ಕಿಸಿಕೊಂಡ. ಆ ಕ್ರಾಂತಿಗೆ ಕಾರ್ನೇಶನ್ ಕ್ರಾಂತಿ ಅನ್ನೋ ಹೆಸರು ಬಂದದ್ದು ಹೀಗೆ. ಸಂಜೆ ಕಯೆತಾನೊ ಅಧಿಕಾರ ಬಿಟ್ಟುಕೊಟ್ಟ. ರಕ್ತವೇ ಹರಿಯಲಿಲ್ಲ ಅಂತ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಗುಪ್ತ ಪೊಲೀಸರು ತಮ್ಮ ಕಚೇರಿಯಿಂದ ಜನರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಆ ನಾಲ್ವರನ್ನು ಮರೆತು ಈ ಕಥೆ ಹೇಳಬಾರದು.

ಹಾಡಿನ ಗುಟ್ಟಿನ ಬಗ್ಗೆ ಕೇಳಿದ್ದಿರಿ. ಬರೆದವರು ಯಾವ ಗುಟ್ಟನ್ನೂ ಇಡಲಿಲ್ಲ. ಆದರೆ ಏಪ್ರಿಲ್ 25 ಆದ ಮೇಲೆ ಆ ಹಾಡನ್ನು ಮೊದಲಿನ ಹಾಗೆ ಕೇಳೋದು ಪೋರ್ಚುಗಲ್ ಜನರಿಗೆ ಆಗಲೇ ಇಲ್ಲ. ನಾನು ಯಾರು, ಇಲ್ಲೇನು ಮಾಡುತ್ತಿದ್ದೇನೆ ಅನ್ನೋ ಪ್ರಶ್ನೆ ಒಬ್ಬ ಪ್ರೇಮಿಯದಾಗಿತ್ತು. ಸುಮಾರು ಐವತ್ತು ವರ್ಷದ ಸರ್ವಾಧಿಕಾರಕ್ಕೆ ವಿದಾಯ ಹೇಳಿದ ಮರುದಿನ ಇಡೀ ದೇಶದ ಪ್ರಶ್ನೆಯ ಹಾಗೆ ಕೇಳಿಸಿತು. ನನಗೂ ಪಲ್ಲವಿ ಏರುವ ಜಾಗದಲ್ಲಿ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ಮೊದಲಿಗೆ ಇದು ಬರೀ ಪ್ರೇಮಗೀತೆ ಅಂತ ಗೊತ್ತಿದ್ದೂ.

ಆಮೇಲೆ ಪೋರ್ಚುಗಲ್ ಯೂರೋವಿಷನ್‌ನಲ್ಲಿ ಏನು ಮಾಡಿತು? 1975ರಲ್ಲಿ ಹಾಡಲು ಹೋದವರು ದುವಾರ್ತೆ ಮೆಂದೆಸ್. ಅವರು ಸೈನ್ಯದ ಕ್ಯಾಪ್ಟನ್, ಏಪ್ರಿಲ್ 25ರಲ್ಲಿ ಪಾಲ್ಗೊಂಡವರು. ಹಾಡಿನ ಹೆಸರಿಗೆ ಬೆಳಗಿನ ಜಾವ ಅಂತ ಅರ್ಥ. ಹೊಸ ಪೋರ್ಚುಗಲ್ ಬಗ್ಗೆಯೇ ಹಾಡಿದರು. ಹದಿನಾರನೇ ಸ್ಥಾನ ಬಂತು. ಮುಂದಿನ ನಾಲ್ಕು ದಶಕ ಹೆಚ್ಚು ಕಡಿಮೆ ಇದೇ ಕಥೆ. 1996ರ ಆರನೇ ಸ್ಥಾನವೇ ದೊಡ್ಡ ಸಾಧನೆ ಅನ್ನುವ ಹಾಗಿತ್ತು. 2016ರಲ್ಲಿ ಹಾಡನ್ನೇ ಕಳಿಸಲಿಲ್ಲ.

2017ರಲ್ಲಿ ಕೀವ್‌ಗೆ ಸಾಲ್ವಾದೋರ್ ಸೊಬ್ರಾಲ್ ಹೋದರು. ಹಾಡು ಬರೆದವರು ಅವರ ಅಕ್ಕ ಲೂಯಿಸಾ. ಸಾಲ್ವಾದೋರ್‌ಗೆ ಹೃದಯದ ಕಾಯಿಲೆ ಇತ್ತು. ಶುರುವಿನ ತಾಲೀಮುಗಳಿಗೆ ಬರೋದಕ್ಕೂ ಆಗದೆ ಅಕ್ಕನೇ ತಮ್ಮನ ಜಾಗದಲ್ಲಿ ನಿಂತು ಹಾಡಿದರು. ಕೊನೇ ರಾತ್ರಿ ಸಾಲ್ವಾದೋರ್ ಬೆಂಕಿ, ಕುಣಿತ, ಬೆಳಕಿನಾಟ ಯಾವುದೂ ಇಲ್ಲದೆ ಮೈಗಿಂತ ದೊಡ್ಡದಾದ ಕೋಟು ಹಾಕಿಕೊಂಡು ಮೈಕಿನ ಮುಂದೆ ನಿಂತು ಪೋರ್ಚುಗೀಸಿನಲ್ಲೇ ಮೆಲ್ಲಗೆ ಹಾಡಿದರು. ಅದೂ ಪ್ರೀತಿ ಮುಗಿದ ಮೇಲಿನ ಹಾಡೇ. ಅವಳಿಗೆ ಪ್ರೀತಿ ಇಲ್ಲದಿದ್ದರೆ ಇಬ್ಬರ ಪಾಲಿನದನ್ನೂ ನಾನೊಬ್ಬನೇ ಪ್ರೀತಿಸುತ್ತೇನೆ ಅನ್ನೋದು ಅದರ ತಿರುಳು. 758 ಅಂಕ ಬಂತು. ಅಲ್ಲಿಯವರೆಗೆ ಯಾರಿಗೂ ಅಷ್ಟು ಬಂದಿರಲಿಲ್ಲ. ತೀರ್ಪುಗಾರರ ಮತದಲ್ಲೂ ಜನರ ಮತದಲ್ಲೂ ಅವರೇ ಮೊದಲು. ಸ್ಪರ್ಧೆಗೆ ಸೇರಿ 53 ವರ್ಷ ಆದ ಮೇಲೆ ಮೊದಲ ಗೆಲುವು. ಆ ವರ್ಷದ ಕೊನೆಯಲ್ಲಿ ಅವರಿಗೆ ಹೃದಯದ ಕಸಿ ಆಯಿತು. ಮರುವರ್ಷ ಲಿಸ್ಬನ್ನಿನಲ್ಲಿ ನಡೆದ ಸ್ಪರ್ಧೆಯ ವೇದಿಕೆಗೆ ಬಂದು ಮತ್ತೆ ಹಾಡಿದರು. ಎರಡು ಹಾಡುಗಳನ್ನೂ ಒಂದರ ಹಿಂದೆ ಒಂದು ಕೇಳಿ. ಒಂದಕ್ಕೆ ಮೂರು ಮತ, ಇನ್ನೊಂದಕ್ಕೆ 758 ಅಂಕ. ಲೆಕ್ಕದ ಪದ್ಧತಿ ಬೇರೆ ನಿಜ. ಆದರೂ ಆ ಇಬ್ಬರೂ ಹಾಡುಗಾರರು ನಿಂತ ರೀತಿ, ಹಾಡಿದ ರೀತಿ ಎಷ್ಟು ಹತ್ತಿರ ಅಂತ ನಿಮಗೇ ಗೊತ್ತಾಗುತ್ತದೆ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಗೋವಾದ ಕಹಿ ಸೈನ್ಯದವರ ಮನಸ್ಸಿನಲ್ಲಿ ಹೇಗೆ ಉಳಿದಿತ್ತು ಅಂತ ಆಗಲೇ ಹೇಳಿದೆ. ನಂಟು ಅಲ್ಲಿಗೇ ನಿಲ್ಲಲಿಲ್ಲ. 1961 ಕಳೆದು ಹದಿಮೂರು ವರ್ಷ ಆಗುತ್ತಾ ಬಂದಿದ್ದರೂ ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿರಲಿಲ್ಲ. ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಏಪ್ರಿಲ್ 25ರ ನಂತರ ಬಂದ ಸರ್ಕಾರ ಆ ಹಠ ಬಿಟ್ಟಿತು. 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಗೋವಾ, ದಮನ್, ದಿಯು, ದಾದ್ರಾ ಮತ್ತು ನಗರ್ ಹವೇಲಿ ಭಾರತದ್ದೇ ಅಂತ ಪೋರ್ಚುಗಲ್ ಬರೆದು ಕೊಟ್ಟಿತು. ಅಂಜದೀವ್ ಕೂಡ ಅದರಲ್ಲೇ ಬಂತು.

ಶರಣಾದರು ಅಂತ ಸೈನ್ಯದಿಂದ ಹೊರಹಾಕಿದ್ದ ವಸ್ಸಾಲೊ ಇ ಸಿಲ್ವಾ ಅವರಿಗೂ 1974ರಲ್ಲೇ ಸ್ಥಾನಮಾನ ವಾಪಸ್ ಸಿಕ್ಕಿತು. 1980ರಲ್ಲಿ ಅವರು ಗೋವಾಕ್ಕೆ ಬಂದು ಹೋದರು. ನಿಮಗೆ ಹಾಡಿ ಕೇಳಿಸಿದ ಹಿರಿಯರನ್ನು ಮತ್ತೆ ನೋಡಿದರೆ ಆ ಭೇಟಿಯ ಬಗ್ಗೆ ಕೇಳಿ ನೋಡಿ. ಆ ವಯಸ್ಸಿನವರಿಗೆ ನೆನಪಿರುತ್ತದೆ.